ನಲವತ್ತೆರಡಕ್ಕೆ ಮತ್ತೆ ಸೈಕಲ್: ಒಂದು ಹೈಬ್ರಿಡ್ ಜೊತೆ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಇದು ನನ್ನ ಎರಡನೇ ಸೈಕಲ್ ಬಗ್ಗೆ. ಮೊದಲನೆಯದು ನಾಲ್ಕೇ ತಿಂಗಳಿಗೆ ಬಾಲ್ಕನಿ ಸೇರಿತು, ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗೋಕೆ ಶುರುವಾಯಿತು. ಎರಡನೆಯದು ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಮೌಂಟೇನ್ ಬೈಕಿಗೂ ನಡುವಿನ ಜಾತಿ, 14 ತಿಂಗಳಿಂದ ಓಡುತ್ತಿದೆ, ಹೆಚ್ಚುಕಮ್ಮಿ 3,100 ಕಿಲೋಮೀಟರ್ ಆಗಿದೆ. ಎರಡನ್ನೂ ಕೊಂಡವನು ನಾನೇ, ಓಡಿಸಿದ ರಸ್ತೆಗಳೂ ಅವೇ. ಒಂದು ಯಾಕೆ ಮೂಲೆ ಸೇರಿತು, ಇನ್ನೊಂದು ಯಾಕೆ ಓಡುತ್ತಿದೆ ಅಂತ ಬರೆಯೋಣ ಅನ್ನಿಸಿತು. ಬ್ರ್ಯಾಂಡ್ ಹೆಸರು ಬೇಕು ಅನ್ನುವವರಿಗೆ ಬೇಜಾರಾಗಬಹುದು, ನಾನು ಹೇಳುವುದಿಲ್ಲ. ಇದೇ ಬೆಲೆಗೆ ಇಂಥದ್ದೇ ಸೈಕಲ್ಲನ್ನು ಐದಾರು ಕಂಪನಿಗಳು ಮಾರುತ್ತವೆ. ಬಣ್ಣ ಬೇರೆ, ಸ್ಟಿಕ್ಕರ್ ಬೇರೆ, ಗೇರು ಮಾತ್ರ ಎಲ್ಲದಕ್ಕೂ ಹೆಚ್ಚುಕಮ್ಮಿ ಅದೇ ಶಿಮಾನೋ ಕಂಪನಿಯದು.

ನನ್ನ ಜಾತಕ ಇಷ್ಟು. ವಯಸ್ಸು 42, ಎತ್ತರ 5 ಅಡಿ 9 ಇಂಚು, ಕೊಂಡಾಗ ತೂಕ 84 ಕೆಜಿ. ಊರು ಮೈಸೂರು. ಮನೆ ಕುವೆಂಪುನಗರ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಡೆಗೆ ಸುಮಾರು 9 ಕಿಲೋಮೀಟರ್. ವಾರಕ್ಕೆ ಎರಡು ದಿನ ಸೈಕಲ್ಲಲ್ಲೇ ಆಫೀಸು, ಭಾನುವಾರ ಮನಸ್ಸು ಬಂದರೆ ಶ್ರೀರಂಗಪಟ್ಟಣ ಅಥವಾ ನಂಜನಗೂಡು. ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಮಧ್ಯದಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಂತಲ್ಲ, 2017ರಲ್ಲಿ 450 ಸೈಕಲ್ ಇಟ್ಟುಕೊಂಡು ಶುರುವಾದ ಬಾಡಿಗೆ ಸೈಕಲ್, ಅದರಲ್ಲಿ ಒಂದೆರಡು ಸಲ ಅರಮನೆ ಸುತ್ತ ಓಡಾಡಿದ್ದೆ ಅಷ್ಟೆ.

ಮೊದಲನೇ ಸೈಕಲ್ ಆನ್‌ಲೈನಲ್ಲಿ ತರಿಸಿದ್ದು. ಫೋಟೋ ನೋಡಿಯೇ ಬಿದ್ದುಹೋದೆ. ದಪ್ಪ ಟೈರು, ಮುಂದೂ ಹಿಂದೂ ಸಸ್ಪೆನ್ಷನ್, ಎರಡೂ ಕಡೆ ಡಿಸ್ಕ್ ಬ್ರೇಕು, 21 ಗೇರು, ನೋಡೋಕೆ ಪುಟ್ಟ ಮೋಟಾರ್ ಬೈಕ್ ಥರ. ಬೆಲೆ 11 ಸಾವಿರ ಚಿಲ್ಲರೆ. ಇಷ್ಟೆಲ್ಲ ಇಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಂತು, '85 ಪರ್ಸೆಂಟ್ ಜೋಡಿಸಿದೆ, ಉಳಿದದ್ದು ನೀವೇ ಮಾಡಿಕೊಳ್ಳಿ' ಅಂತ ಒಂದು ಚೀಟಿ. ಉಳಿದ 15 ಪರ್ಸೆಂಟಲ್ಲೇ ನನ್ನ ಮಾನ ಹೋಯಿತು. ಎಡಗಡೆ ಪೆಡ್ಲು ಉಲ್ಟಾ ತಿರುಪು ಅಂತ ನನಗೆ ಗೊತ್ತಿರಲಿಲ್ಲ. ಬಲಗಡೆ ಹಾಕಿದ ಹಾಗೇ ಎಡಗಡೆಯೂ ಬಲವಾಗಿ ತಿರುಗಿಸಿದೆ, ಒಳಗಿನ ತಿರುಪಿನ ಮರೆಯೆಲ್ಲ ಕಿತ್ತುಕೊಂಡು ಬಂತು. ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿ ಎರಡು ದಿನ ಓಡಿಸಿದೆ. ಪಕ್ಕದ ಮನೆ ಹುಡುಗ, ಎಂಟನೇ ಕ್ಲಾಸು, ನಿಂತು ನೋಡಿ 'ಅಂಕಲ್, ಡಿಸ್ಕ್ ಬ್ರೇಕು ಫೋರ್ಕಿನ ಮುಂದ್ಗಡೆ ಬಂದಿದೆಯಲ್ಲ' ಅಂದ. ಆಗ ಗೊತ್ತಾಯಿತು.

ಅದನ್ನೆಲ್ಲ ಸರಿಮಾಡಿಸಿದ ಮೇಲೂ ಸುಖ ಇರಲಿಲ್ಲ. ಹಿಂದಿನ ಸ್ಪ್ರಿಂಗ್ ಇದೆಯಲ್ಲ, ಅದು ಗುಂಡಿಗೆ ಇಳಿದಾಗ ಕೆಲಸ ಮಾಡುವುದಕ್ಕಿಂತ ಜಾಸ್ತಿ ನಾನು ತುಳಿದಾಗ ಕೆಲಸ ಮಾಡುತ್ತಿತ್ತು. ಒಂದೊಂದು ತುಳಿತಕ್ಕೂ ಸೀಟು ಕೆಳಗೆ ಹೋಗಿ ಮೇಲೆ ಬರುವುದು. ಕಾಲಿನ ಶಕ್ತಿ ಚೈನಿಗೆ ಹೋಗುವ ಬದಲು ಸ್ಪ್ರಿಂಗಿಗೆ ಹೋದ ಹಾಗೆ. ಮನೆ ತಕ್ಕಡಿ ಮೇಲೆ ಸೈಕಲ್ ಎತ್ತಿಕೊಂಡು ನಿಂತೆ, ನನ್ನ ತೂಕ ಕಳೆದರೆ 19 ಕೆಜಿ. ಬೋಗಾದಿ ರಸ್ತೆಯ ಸಣ್ಣ ಏರಿಗೂ ಏದುಸಿರು. ಎರಡನೇ ತಿಂಗಳಿಗೆ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯಿತು, ನಾನು ವಯಸ್ಸಾಯಿತು ಅಂತಲೇ ಅಂದುಕೊಂಡೆ. ವಯಸ್ಸಲ್ಲ, ಸೀಟು ತಗ್ಗಿತ್ತು. ಆ ಫ್ರೇಮು ನನಗೆ ಚಿಕ್ಕದು, ಸೀಟಿನ ಕಂಬಿಯನ್ನು ಕೊನೆಯ ಗೆರೆವರೆಗೆ ಎತ್ತಿದರೂ ಕಾಲು ಪೂರ್ತಿ ಚಾಚುತ್ತಿರಲಿಲ್ಲ. ಆ ಜಾಹೀರಾತಿನಲ್ಲಿ ಸೈಜ್ ಅನ್ನೋ ಕಡೆ ಏನಿತ್ತು ಗೊತ್ತಾ? '26 ಇಂಚು, 12 ವರ್ಷ ಮೇಲ್ಪಟ್ಟ ಎಲ್ಲರಿಗೂ'. 26 ಅಂದರೆ ಚಕ್ರದ ಸೈಜು. ಫ್ರೇಮಿನ ಸೈಜು ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ಚಕ್ರ ನೋಡಿ ಸೈಕಲ್ ಕೊಳ್ಳುವುದು, ಹೀಲ್ಸ್ ಎಷ್ಟು ಇಂಚು ಅಂತ ಕೇಳಿಕೊಂಡು ಚಪ್ಪಲಿ ಕೊಂಡ ಹಾಗೆ.

ಮಂಡಿ ನೋವಿನ ಕತೆ ಕೇಳಿದ ಸಹೋದ್ಯೋಗಿ ಒಬ್ಬರು ಹಳೇ ಪೇಟೆ ಕಡೆಯ ಒಂದು ಸೈಕಲ್ ಅಂಗಡಿಗೆ ಕಳಿಸಿದರು. ಗಾಜಿನ ಶೋರೂಮು ಅಲ್ಲ. ಹೊರಗೆ ಮಕ್ಕಳ ಸೈಕಲ್ ಸಾಲು, ಒಳಗೆ ಮೇಲಿಂದ ನೇತುಹಾಕಿದ ಟೈರುಗಳು, ಗ್ರೀಸ್ ವಾಸನೆ. ಯಜಮಾನರಿಗೆ ಅರವತ್ತರ ಮೇಲಿರಬೇಕು. ನಾನು ಹೋಗುತ್ತಲೇ ಗೋಡೆಗೆ ಒರಗಿಸಿದ್ದ ಒಂದು ಕಪ್ಪು ಸೈಕಲ್ ತೋರಿಸಿ 'ಇದು ಎಷ್ಟು?' ಅಂದೆ. ಅವರು ಬೆಲೆ ಹೇಳಲಿಲ್ಲ. 'ಎಲ್ಲಿಗೆ ಓಡುಸ್ತೀರಾ ಸಾರ್?' ಅಂದರು. ಆಫೀಸಿಗೆ ಅಂದೆ. 'ಎಷ್ಟು ದೂರ? ಏರು ಇದೆಯಾ? ಬ್ಯಾಗ್ ಹೊರ್ತೀರಾ? ರಾತ್ರಿ ಬರ್ತೀರಾ? ಮನೆ ಮಹಡಿ ಮೇಲಾ?' ಸಾಲುಸಾಲು ಪ್ರಶ್ನೆ. ಹೆಣ್ಣು ನೋಡೋಕೆ ಹೋದಾಗಲೂ ನನ್ನನ್ನು ಇಷ್ಟು ಕೇಳಿರಲಿಲ್ಲ.

ಆಮೇಲೆ 'ಶೂ ಬಿಚ್ಚಿ' ಅಂದರು. ಕ್ಯಾಲೆಂಡರ್ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಪಾದಗಳ ನಡುವೆ ಒಂದು ಗೇಣು ಜಾಗ ಬಿಡಿಸಿ, ಬಿಲ್ ಬುಕ್ಕನ್ನೇ ನನ್ನ ಕೈಗೆ ಕೊಟ್ಟು, ಅದನ್ನು ತೊಡೆ ಸಂದಿಯಲ್ಲಿ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿದರು, ಸೀಟಿನ ಮೇಲೆ ಕೂತಷ್ಟು ಬಿಗಿಯಾಗಿ. ಬುಕ್ಕಿನ ಮೇಲಿನ ಅಂಚಿಗೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದು ಟೇಪಿನಲ್ಲಿ ಅಳೆದರು. 81 ಸೆಂಟಿಮೀಟರ್. ನಾಚಿಕೆಯಿಂದ ಆಕಡೆ ಈಕಡೆ ನೋಡುವಾಗ ಗಮನಿಸಿದೆ, ಆ ಗೋಡೆ ತುಂಬ ಅಂಥದ್ದೇ ಗೆರೆಗಳು, ಒಂದರ ಮೇಲೊಂದು, ಕೆಲವು ಮಾಸಿಹೋಗಿವೆ. ಎಷ್ಟು ಜನರ ಕಾಲಿನ ಅಳತೆಯೋ.

ಈ 81 ಅನ್ನೋ ಒಂದು ಸಂಖ್ಯೆಯಿಂದ ಎರಡು ಕೆಲಸ ಆಗುತ್ತದೆ. ಮೊದಲನೆಯದು ಫ್ರೇಮು. ಸೈಕಲ್ಲಿನ ಎರಡೂ ಕಡೆ ಕಾಲು ಹಾಕಿ, ಸೀಟಿನ ಮುಂದೆ, ನೆಲಕ್ಕೆ ಪಾದ ಊರಿ ನಿಂತರೆ ಫ್ರೇಮಿನ ಮೇಲಿನ ಕಂಬಿಗೂ ನಿಮಗೂ ನಡುವೆ ಕನಿಷ್ಠ ಎರಡು ಬೆರಳಿನ ಜಾಗ ಇರಬೇಕು, ದಪ್ಪ ಟೈರಿನ ಸೈಕಲ್ ಆದರೆ ಇನ್ನೂ ಜಾಸ್ತಿ. ಯಾಕೆ ಅಂತ ಗಂಡಸರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಇದೊಂದೇ ನೋಡಿದರೆ ಸಾಲದು. ಈಗಿನ ಫ್ರೇಮುಗಳಲ್ಲಿ ಕಂಬಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಚಿಕ್ಕ ಸೈಕಲ್ ಕೂಡ ಈ ಪರೀಕ್ಷೆ ಪಾಸಾಗಿಬಿಡುತ್ತದೆ, ನನ್ನ ಮೊದಲನೆಯದು ಪಾಸಾದ ಹಾಗೆ. ಹಾಗಾಗಿ ಸೀಟಿನಿಂದ ಹ್ಯಾಂಡಲಿಗೆ ಎಷ್ಟು ದೂರ ಅನ್ನೋದೂ ಅಷ್ಟೇ ಮುಖ್ಯ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕೈ ನೆಟ್ಟಗೆ ಕೋಲಿನ ಹಾಗೆ ಚಾಚಿಕೊಂಡರೆ ಫ್ರೇಮು ದೊಡ್ಡದು, ತಿರುಗಿಸುವಾಗ ಹ್ಯಾಂಡಲ್ ಮಂಡಿಗೆ ಬಡಿದರೆ ಚಿಕ್ಕದು. ನನಗೆ ಎಂ ಸೈಜು, ಅಂದರೆ 18 ಇಂಚಿನ ಫ್ರೇಮು ಸರಿಹೋಯಿತು. ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅದಕ್ಕೇ ಕೂತು ನೋಡದೆ ಕೊಳ್ಳಬೇಡಿ.

ಎರಡನೆಯದು ಸೀಟಿನ ಎತ್ತರ. ಕಾಲಿನ ಅಳತೆಯನ್ನು 0.883ರಿಂದ ಗುಣಿಸಿ ಅನ್ನೋದು ಸೈಕಲ್ ಓಡಿಸುವವರಲ್ಲಿ ಹಳೇ ಲೆಕ್ಕ. ನನಗೆ 71.5 ಸೆಂಟಿಮೀಟರ್ ಬಂತು. ಪೆಡ್ಲಿನ ತೋಳು ತಿರುಗುತ್ತದಲ್ಲ, ಆ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ಇರಬೇಕು. ಹಳೇ ಸೈಕಲ್ಲಲ್ಲಿ ಅಳೆದು ನೋಡಿದೆ, 63 ಇತ್ತು! ಎಂಟೂವರೆ ಸೆಂಟಿಮೀಟರ್ ಕಡಿಮೆ. ಮಂಡಿ ಅಳದೆ ಇನ್ನೇನು ಮಾಡೀತು. ಟೇಪು ಲೆಕ್ಕ ಎಲ್ಲ ಬೇಡ ಅಂದರೆ ಸುಲಭದ ದಾರಿ ಇನ್ನೊಂದಿದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡ್ಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತನ್ನಿ, ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಮಡಚಿಕೊಳ್ಳುತ್ತದೆ, ಅಷ್ಟೇ ಬೇಕಾದದ್ದು. ಈ ಎತ್ತರದಲ್ಲಿ ಕೂತರೆ ನಿಂತಾಗ ಬರೀ ಕಾಲ್ಬೆರಳು ನೆಲಕ್ಕೆ ತಾಗುತ್ತದೆ, ಮೊದಲ ವಾರ ಹೆದರಿಕೆ ಆಗುತ್ತದೆ. ಸಿಗ್ನಲಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲೋದು ಅಭ್ಯಾಸ ಆದರೆ ಸರಿಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನ ದೊಡ್ಡವರು ಎರಡೂ ಪಾದ ನೆಲಕ್ಕೆ ಊರಬೇಕು ಅಂತ ಸೀಟು ಇಳಿಸಿಕೊಂಡು, ಮಂಡಿ ಎದೆಗೆ ಬಡಿಯುವ ಹಾಗೆ ತುಳಿಯುತ್ತಾ, ಸೈಕಲ್ ನನಗೆ ಆಗಿಬರಲ್ಲ ಅಂತಾರೆ. ನಾನೂ ಅದೇ ಗುಂಪಲ್ಲಿದ್ದೆ.

ಈಗ ಯಾವ ಜಾತಿಯ ಸೈಕಲ್ ಅನ್ನೋ ವಿಷಯ. ನನ್ನ ಆಸೆ ನಿಜಕ್ಕೂ ಇದ್ದದ್ದು ಅಪ್ಪನ ಕಾಲದ ಕರೀ ಸೈಕಲ್ ಮೇಲೆ. ಅಪ್ಪನದು ಅಟ್ಲಾಸ್. ಅದರ ಕಂಬಿ ಒಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದೇ ನಾನು ಕಲಿತದ್ದು, ಮೊಣಕಾಲಿನ ಗಾಯದ ಗುರುತು ಈಗಲೂ ಇದೆ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು ಅಂತ ಓದಿದಾಗ ಅಪ್ಪ ಪೇಪರ್ ಮಡಚಿಟ್ಟು ಸುಮ್ನೆ ಕೂತಿದ್ದರು. ಬೇರೆ ಕಂಪನಿಯವು ಈಗಲೂ ಅದೇ ಥರದ ಸೈಕಲ್ ಮಾಡುತ್ತವೆ. ಗಟ್ಟಿಮುಟ್ಟು, ಚೈನಿಗೆ ಪೂರ್ತಿ ಮುಚ್ಚಳ, ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡ್, ಬೆಲ್ಲು ಎಲ್ಲ ಜೊತೆಗೇ ಬರುತ್ತದೆ. ಸಮತಟ್ಟಾದ ಊರಲ್ಲಿ, ಮಂಡ್ಯದ ಗದ್ದೆ ಬಯಲಿನಂಥ ಕಡೆ, ಮೂರ್ನಾಲ್ಕು ಕಿಲೋಮೀಟರ್ ಓಡಾಡುವವರಿಗೆ ಇದಕ್ಕಿಂತ ಒಳ್ಳೇದು ಇಲ್ಲ. ನನಗೆ ಆಗದೇ ಇದ್ದದ್ದು ತೂಕ ಮತ್ತು ಏರು. 20 ಕೆಜಿ ಹತ್ತಿರದ ಸೈಕಲ್, ಗೇರ್ ಇಲ್ಲ, ಜೊತೆಗೆ ನನ್ನ 84.

ಸ್ನೇಹಿತನೊಬ್ಬನ ಬಳಿ ರೋಡ್ ಬೈಕ್ ಇದೆ, ಬಾಗಿದ ಹ್ಯಾಂಡಲು, 25 ಎಂಎಂ ತೆಳ್ಳನೆ ಟೈರು. ಅರ್ಧ ಗಂಟೆ ಓಡಿಸಿದೆ. ವೇಗ ನೋಡಿ ಖುಷಿಯಾಯಿತು, ಬೆನ್ನಿಗೆ ಮಾತ್ರ ಆಗಲಿಲ್ಲ. ಮೈಸೂರಿನ ಒಳರಸ್ತೆಗಳಲ್ಲಿ ಹಂಪು ದಾಟುವಾಗಲೆಲ್ಲ ಜೀವ ಕೈಲಿ ಹಿಡಿದುಕೊಂಡಿದ್ದೆ. ಅವನು ಬೆಂಗಳೂರು ಕಡೆಗೆ ಲಾಂಗ್ ಹೋಗುತ್ತಾನೆ, ಅವನಿಗೆ ಸರಿ. ಆ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು ಅನ್ನೋದು ಬೇರೆ ವಿಷಯ. ಮೌಂಟೇನ್ ಬೈಕ್, ಅಂದರೆ ಎಂಟಿಬಿ, ಕಾಫಿ ತೋಟದ ದಾರಿ, ಕಾಡಿನ ಮಣ್ಣು ರಸ್ತೆ ಓಡಿಸುವವರಿಗೆ ಬೇಕೇ ಬೇಕು. ಡಾಂಬರು ರಸ್ತೆಗೆ ಅದರ ಮುಳ್ಳುಮುಳ್ಳು ಟೈರು ಬರೀ ಗುಂಯ್ ಅನ್ನುತ್ತದೆ. ಮತ್ತೆ ಹತ್ತು ಹದಿನೈದು ಸಾವಿರದ ಸೈಕಲ್ಲಿನಲ್ಲಿ ಬರುವ ಮುಂದಿನ ಸಸ್ಪೆನ್ಷನ್ ಒಳಗೆ ಸ್ಪ್ರಿಂಗ್ ಬಿಟ್ಟರೆ ಬೇರೆ ಏನೂ ಇರುವುದು ಅಪರೂಪ. ಒಂದೆರಡು ಮಳೆಗಾಲ ಕಳೆದರೆ ತುಕ್ಕು ಹಿಡಿದು ಅದೂ ಅಲ್ಲಾಡಲ್ಲ. ಆ ತೂಕವನ್ನು ಸುಮ್ನೆ ಹೊತ್ತುಕೊಂಡು ತಿರುಗಬೇಕು.

ಹೀಗೆ ಒಂದೊಂದೇ ಬಿಟ್ಟು ಉಳಿದದ್ದು ಹೈಬ್ರಿಡ್. ನೇರ ಹ್ಯಾಂಡಲು, ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕು, ಅಲ್ಯೂಮಿನಿಯಂ ಫ್ರೇಮು, 700 ಇಂಟು 38 ಟೈರು (ಅಂದರೆ 700ಸಿ ಅನ್ನೋ ಸೈಜಿನ ಚಕ್ರಕ್ಕೆ 38 ಎಂಎಂ ಅಗಲದ್ದು), ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಎಂಟು. ತೂಕ 14 ಕೆಜಿ ಹತ್ತಿರ. ನಾನು ಕೊಟ್ಟದ್ದು 18,500. ಯಜಮಾನರು ನನ್ನ ಸ್ಕೂಟರ್ ಕೀ ಅಂಗಡಿಯಲ್ಲಿ ಇಟ್ಟುಕೊಂಡು 'ಒಂದು ರೌಂಡ್ ಅಲ್ಲ, ಅರ್ಧ ಗಂಟೆ ಹೋಗಿ ಬನ್ನಿ, ಏರು ಹತ್ತಿ ಬನ್ನಿ' ಅಂತ ಕಳಿಸಿದರು. ಅಂಗಡಿ ಮುಂದೆ ಒಂದು ಸುತ್ತು ಹಾಕಿದರೆ ಎಲ್ಲ ಸೈಕಲ್ಲೂ ಚೆನ್ನಾಗೇ ಇರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಅಂಗೈ, ಕುತ್ತಿಗೆ, ಕೂರುವ ಜಾಗ ಮಾತಾಡೋಕೆ ಶುರುಮಾಡುತ್ತವೆ.

ಎಂಟು ಗೇರು ಸಾಕಾ ಅಂತ ಎಲ್ಲರೂ ಕೇಳುತ್ತಾರೆ, 21 ಇದ್ದವನು ಎಂಟಕ್ಕೆ ಇಳಿದೆಯಲ್ಲ ಅಂತ. ಲೆಕ್ಕ ನೋಡಿ. ಮುಂದೆ 38 ಹಲ್ಲು, ಹಿಂದೆ ದೊಡ್ಡದರಲ್ಲಿ 34, ಚಿಕ್ಕದರಲ್ಲಿ 11. ಅತಿ ಹಗುರ ಗೇರಿನಲ್ಲಿ ಪೆಡ್ಲು ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 2.4 ಮೀಟರ್ ಮುಂದೆ ಹೋಗುತ್ತದೆ, ಅತಿ ಭಾರದ ಗೇರಿನಲ್ಲಿ 7.5 ಮೀಟರ್. ಮೈಸೂರಿನ ಯಾವ ರಸ್ತೆಗೂ ಇಷ್ಟು ಸಾಕು. ಚಾಮುಂಡಿ ಬೆಟ್ಟಕ್ಕೆ ಮಾತ್ರ ಇನ್ನೊಂದು ಹಗುರ ಗೇರು ಇದ್ದಿದ್ದರೆ ಅನ್ನಿಸಿತು. ಮೂರು ಕಡೆ ನಿಂತು ಹತ್ತಿದೆ, ಒಂದು ಕಡೆ ತಳ್ಳಿದೆ. ಪಕ್ಕದಲ್ಲಿ ಎಪ್ಪತ್ತರ ಅಜ್ಜನೊಬ್ಬರು ನಡೆದುಕೊಂಡೇ ನನ್ನನ್ನು ದಾಟಿ ಹೋದರು, 'ನಿಧಾನ ಬನ್ನಿ' ಅಂತ ಧೈರ್ಯ ಬೇರೆ ಹೇಳಿದರು. 21 ಗೇರು ಅಂದರೆ ಮುಂದೆ ಮೂರು, ಹಿಂದೆ ಏಳು. ಅದರಲ್ಲಿ ಅರ್ಧಕ್ಕರ್ಧ ಒಂದರ ಮೇಲೊಂದು ಬರುವ ಅದದೇ ಲೆಕ್ಕ, ಜೊತೆಗೆ ಚೈನು ಓರೆಯಾಗಿ ಎಳೆಯುವ ಜೋಡಿಗಳನ್ನು ಬಳಸಲೂ ಬಾರದು. ಮುಂದಿನ ಗೇರು ಇಲ್ಲದಿದ್ದರೆ ಒಂದು ವೈರು, ಒಂದು ಲಿವರ್, ಒಂದು ತಲೆನೋವು ಕಡಿಮೆ.

ಗೇರಿನಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಅಂಗಡಿಯವರೇ ತೋರಿಸಿದ್ದು. ಕಡಿಮೆ ಬೆಲೆಯ ಏಳು ಗೇರಿನ ಸೈಕಲ್ಲುಗಳಲ್ಲಿ ಹಿಂದಿನ ಹಲ್ಲುಚಕ್ರದ ಗೊಂಚಲು ಹಬ್ಬಿಗೆ, ಅಂದರೆ ಚಕ್ರದ ನಡುಭಾಗಕ್ಕೆ, ತಿರುಪಿನ ಹಾಗೆ ಕೂತಿರುತ್ತದೆ, ಇದಕ್ಕೆ ಫ್ರೀವೀಲ್ ಅಂತಾರೆ. ಅದರಲ್ಲಿ ಬಲಗಡೆ ಬೇರಿಂಗ್ ಒಳಕ್ಕಿರುವುದರಿಂದ ಆಕ್ಸಲಿನ ಒಂದು ತುದಿಗೆ ಆಸರೆ ಕಡಿಮೆ. ತೂಕದ ಜನ ಗುಂಡಿ ರಸ್ತೆಯಲ್ಲಿ ಓಡಿಸಿದರೆ ಆಕ್ಸಲ್ ಬೆಂಡಾಗುತ್ತದೆ, ಕೆಲವು ಸಲ ಮುರಿದೇ ಹೋಗುತ್ತದೆ. ಕ್ಯಾಸೆಟ್ ಅಂದರೆ ತಿರುಪದೆ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಗೊಂಚಲು, ಅದಿರುವ ಹಬ್ಬಿನಲ್ಲಿ ಬೇರಿಂಗ್ ಹೊರಗಡೆವರೆಗೆ ಬರುತ್ತದೆ, ಈ ತೊಂದರೆ ಕಡಿಮೆ. 80 ಕೆಜಿ ದಾಟಿದವರು 'ಹಿಂದೆ ಕ್ಯಾಸೆಟ್ಟಾ, ಫ್ರೀವೀಲಾ?' ಅಂತ ಒಂದು ಮಾತು ಕೇಳಿ. ಅಂಗಡಿಯವರ ಮುಖ ನೋಡಿದರೆ ಅವರಿಗೆ ಎಷ್ಟು ಗೊತ್ತು ಅನ್ನೋದೂ ತಿಳಿಯುತ್ತದೆ.

ಟೈರಿನ ಪಾಠ ಕಲಿತದ್ದು ನಂಜನಗೂಡಲ್ಲಿ. ಭಾನುವಾರ ಬೆಳಿಗ್ಗೆ ಕಪಿಲಾ ನದಿ ಹತ್ತಿರ ಹಿಂದಿನ ಟೈರು ಪುಸ್ ಅಂತು. ಸ್ಪೇರ್ ಟ್ಯೂಬ್ ಮನೆಯಲ್ಲೇ ಇತ್ತು, ಎಲ್ಲಿಡಬೇಕೋ ಅಲ್ಲಿ ಇರಲಿಲ್ಲ. ಪಂಕ್ಚರ್ ಅಂಗಡಿಯವರು ಟ್ಯೂಬ್ ಎಳೆದು ನೋಡಿದರು, ವಾಲ್ವ್ ಬುಡದಲ್ಲೇ ಹರಿದಿತ್ತು, ಪ್ಯಾಚ್ ಕೂರಲ್ಲ. 'ಈ ಸೈಜು ನಮ್ತವ ಇಲ್ಲ ಸಾ, ಇಪ್ಪತ್ತೆಂಟು ಹಾಕ್ಬುಡ್ತೀನಿ, ಊರು ಸೇರ್ಕತದೆ ಬುಡಿ' ಅಂದರು. ಊರೂ ಸೇರಿತು, ಇನ್ನೂ ಎರಡು ವಾರ ಓಡಿತು. ಟ್ಯೂಬ್ ರಬ್ಬರು, ಹೇಗೋ ಹೊಂದಿಕೊಂಡಿತು. ಟೈರೇ ಹರಿದಿದ್ದರೆ ಕತೆ ಬೇರೆ ಆಗುತ್ತಿತ್ತು. ಕರೀ ಸೈಕಲ್ಲಿನ 28 ಇಂಚಿನ ರಿಮ್ಮಿಗೆ ಟೈರು ಕೂರುವ ಅಳತೆ 635 ಎಂಎಂ, ನನ್ನ 700ಸಿ ರಿಮ್ಮಿನದು 622. ಹದಿಮೂರು ಎಂಎಂ ವ್ಯತ್ಯಾಸದಲ್ಲಿ ಟೈರು ಕೂರುವುದೇ ಇಲ್ಲ. ತಮಾಷೆ ಅಂದರೆ ಕೆಲವು 700ಸಿ ಟೈರಿನ ಮೇಲೂ 28 ಅಂತಲೇ ಬರೆದಿರುತ್ತಾರೆ, 29 ಇಂಚು ಅಂತ ಮಾರುವ ಎಂಟಿಬಿ ರಿಮ್ಮಿನ ಅಳತೆಯೂ ಅದೇ 622. ಇಂಚನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ ಸಣ್ಣಗೆ 40-622 ಅನ್ನೋ ಥರ ಒಂದು ಸಂಖ್ಯೆ ಇರುತ್ತದೆ, ಅದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ವಾಲ್ವ್ ಯಾವುದು ಅಂತಲೂ ನೋಡಿ. ನನ್ನದಕ್ಕೆ ಮೋಟಾರ್ ಬೈಕಿನದೇ ವಾಲ್ವ್, ಪೆಟ್ರೋಲ್ ಬಂಕಲ್ಲೂ ಗಾಳಿ ಹೊಡೆಸಬಹುದು. ತೆಳ್ಳನೆ ವಾಲ್ವ್ ಇರುವ ಸೈಕಲ್ ಆದರೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಲ್ಲಿರಲಿ, ಇಲ್ಲದಿದ್ದರೆ ಊರಾಚೆ ಅದಕ್ಕೆ ಗಾಳಿ ಹೊಡೆಯುವವರು ಸಿಗುವುದು ಕಷ್ಟ. ಗಾಳಿಯ ಒತ್ತಡ ನಾನು ಮುಂದೆ 50, ಹಿಂದೆ 60 ಪಿಎಸ್‌ಐ ಇಡುತ್ತೇನೆ, ವಾರಕ್ಕೊಮ್ಮೆ ಕೈ ಪಂಪಲ್ಲಿ.

ಬ್ರೇಕಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ನನ್ನದರಲ್ಲಿ ವಿ ಬ್ರೇಕು, ರಿಮ್ಮನ್ನೇ ಹಿಡಿಯುವ ರಬ್ಬರು. ಮೈಸೂರಿಗೆ ಸಾಕು, ರಬ್ಬರು ಎಲ್ಲ ಕಡೆ ಸಿಗುತ್ತದೆ, ನಾನೇ ಬದಲಾಯಿಸುತ್ತೇನೆ. ಮಡಿಕೇರಿ, ಸಕಲೇಶಪುರದ ಕಡೆಯವರಾದರೆ ಡಿಸ್ಕೇ ತಗೊಳ್ಳಿ, ಮಳೆಯಲ್ಲಿ ನೆಂದ ರಿಮ್ಮು ಹಿಡಿಯೋಕೆ ಒಂದು ಕ್ಷಣ ತಡಮಾಡುತ್ತದೆ, ಇಳಿಜಾರಲ್ಲಿ ಆ ಕ್ಷಣ ದುಬಾರಿ. ಅಗ್ಗದ ಡಿಸ್ಕಿಗಿಂತ ಒಳ್ಳೇ ವಿ ಬ್ರೇಕೇ ಮೇಲು. ನನ್ನ ಹಳೇ ಸೈಕಲ್ಲಿನ ಡಿಸ್ಕು ಕಿರ್ರ್ ಅಂತ ಇಡೀ ಬೀದಿಗೆ ನಾನು ಬಂದೆ ಅಂತ ಸಾರುತ್ತಿತ್ತು.

ಈಗ ಬೈಗುಳ. ಕಂಪನಿ ಕೊಟ್ಟ ಸೀಟು ನನಗೆ ಆಗಿಬರಲಿಲ್ಲ. ಮೆತ್ತಗೆ, ದಪ್ಪಗೆ, ಸೋಫಾ ಥರ ಇತ್ತು, ಹತ್ತು ಕಿಲೋಮೀಟರ್ ದಾಟಿದರೆ ತೊಡೆ ಉಜ್ಜುತ್ತಿತ್ತು. ಅದರ ಮೇಲೆ ಜೆಲ್ ಕವರ್ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಕೊನೆಗೆ ಗಟ್ಟಿಯಾದ, ನಡುವೆ ಸೀಳು ಇರುವ ಸೀಟು 1,400 ಕೊಟ್ಟು ಹಾಕಿಸಿದ ಮೇಲೆ ನೆಮ್ಮದಿ. ಪ್ಲಾಸ್ಟಿಕ್ ಪೆಡ್ಲು ಆರನೇ ತಿಂಗಳಿಗೆ ಕಟಕಟ ಶುರುಮಾಡಿತು. ಮತ್ತೆ 18,500 ಕೊಟ್ಟ ಸೈಕಲ್ಲಿಗೆ ಸ್ಟ್ಯಾಂಡು ಇಲ್ಲ, ಬೆಲ್ಲು ಇಲ್ಲ, ಮಡ್‌ಗಾರ್ಡ್ ಇಲ್ಲ! ಅಪ್ಪನಿಗೆ ಇದನ್ನು ಅರ್ಥ ಮಾಡಿಸೋಕೆ ಆಗಲೇ ಇಲ್ಲ. 'ಗೋಡೆಗೆ ಒರಗ್ಸೋಕೆ ಇಷ್ಟು ದುಡ್ಡಾ?' ಅಂದರು. ಮಡ್‌ಗಾರ್ಡ್ ಇಲ್ಲದೆ ಮೊದಲ ಮಳೆಯಲ್ಲಿ ಆಫೀಸಿಗೆ ಹೋಗಿ, ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆವರೆಗೆ ಕೆಸರಿನ ಗೆರೆ ಬಿದ್ದಿತ್ತು, ಮಧ್ಯಾಹ್ನದವರೆಗೆ ಯಾರೂ ಹೇಳಲಿಲ್ಲ. ಸ್ಟ್ಯಾಂಡು, ಬೆಲ್ಲು, ಮಡ್‌ಗಾರ್ಡ್, ಕ್ಯಾರಿಯರ್, ಮುಂದೆ ಹಿಂದೆ ಲೈಟು, ಬೀಗ, ಹೆಲ್ಮೆಟ್, ಪಂಪು ಎಲ್ಲ ಸೇರಿ ಇನ್ನೂ 5,200 ಹೋಯಿತು. ಬಜೆಟ್ ಹಾಕುವಾಗ ಸೈಕಲ್ ಬೆಲೆಯ ಮೇಲೆ ಕಾಲು ಭಾಗ ಎತ್ತಿಟ್ಟುಕೊಳ್ಳಿ. ಫ್ರೇಮಿನ ಹಿಂಭಾಗದಲ್ಲಿ ಕ್ಯಾರಿಯರ್ ಕೂರಿಸೋಕೆ ತೂತು ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಬೆನ್ನಿಗೇ ಬ್ಯಾಗು, ಬೆನ್ನಿಗೇ ಬೆವರು.

ಅಂಗಡಿಯ ಬಗ್ಗೆ ನನಗೆ ದೂರು ಒಂದೇ, ಹೇಳಿದ ದಿನಕ್ಕೆ ಕೊಡುವುದಿಲ್ಲ. ಗುರುವಾರ ಅಂದರೆ ಶನಿವಾರ. ಫೋನ್ ಎತ್ತಲ್ಲ. ಕಾರ್ಡ್ ತಗೊಳ್ಳಲ್ಲ. ಆದರೆ ಕೆಲಸ ಅಂದರೆ ಕೆಲಸ. ಕೊಂಡ ಮೂರನೇ ವಾರಕ್ಕೆ ಅವರೇ ಕರೆಸಿದರು. ಹೊಸ ವೈರು ಎಳೆದುಕೊಂಡು ಸಡಿಲ ಆಗಿರುತ್ತದೆ, ಕಡ್ಡಿಗಳೂ ಲೂಸ್ ಆಗಿರುತ್ತವೆ ಅಂತ. ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ, ಕಡ್ಡಿಗಳನ್ನು ಬೆರಳಲ್ಲಿ ಒಂದೊಂದಾಗಿ ಮೀಟುತ್ತಾ ಹೋದರು, ವೀಣೆ ಶ್ರುತಿ ಮಾಡುವವರ ಹಾಗೆ. ಒಂದು ಕಡ್ಡಿ ಟಿಣ್ ಅನ್ನದೆ ಟೊಕ್ ಅಂದಿತು. ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿ ಮತ್ತೆ ಮೀಟಿದರು. ಆಮೇಲಿಂದ ಇವತ್ತಿನವರೆಗೆ ಹಿಂದಿನ ಚಕ್ರ ಬೆಂಡ್ ತೆಗೆಸಿದ್ದು ಒಂದೇ ಸಲ. ಪೆಟ್ಟಿಗೆಯಲ್ಲಿ ಮನೆಗೆ ಬರುವ ಸೈಕಲ್ಲಿಗೆ ಇದನ್ನು ಯಾರು ಮಾಡುತ್ತಾರೆ, ಹೇಳಿ. ಆನ್‌ಲೈನಲ್ಲಿ ಉಳಿಯುವ ಒಂದೆರಡು ಸಾವಿರ ಇಲ್ಲಿ ಹೋಗುತ್ತದೆ, ಹೋಗಲಿ.

ನನ್ನದು ನೋಡಿ ನನ್ನ ಹೆಂಡತಿಗೂ ಆಸೆ ಬಂತು. ನಾನು ಆಗಲೇ ಅರ್ಧ ಪಂಡಿತ, ನಿನಗೂ ಹೈಬ್ರಿಡ್ಡೇ ಕೊಡಿಸ್ತೀನಿ ಅಂದೆ. 'ನಂಗೆ ನಿಮ್ಮ ಥರ ಗೇರು ಗೀರು ಬೇಡ ರೀ, ಚೂಡಿದಾರ್ ಹಾಕ್ಕೊಂಡು ಹತ್ತೋ ಹಾಗಿರ್ಬೇಕು, ಮುಂದೆ ಬುಟ್ಟಿ ಇರ್ಬೇಕು, ದುಪಟ್ಟ ಸಿಕ್ಕಿಹಾಕ್ಕೋಬಾರ್ದು' ಅಂದಳು. ಅಂಗಡಿಯ ಯಜಮಾನರು ನಗುತ್ತಾ 'ಮೇಡಂಗೆ ಏನು ಬೇಕು ಅಂತ ಗೊತ್ತು ಸಾರ್, ನಿಮಗೇ ಗೊತ್ತಿರಲಿಲ್ಲ' ಅಂದರು. ಅವಳು 5 ಅಡಿ 2 ಇಂಚು. ಕೆಳಗೆ ಬಾಗಿದ ಕಂಬಿಯ, ಚೈನ್ ಕವರ್ ಇರುವ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಗದ ಹಾಗೆ ಜಾಲರಿ ಇರುವ, ಗೇರ್ ಇಲ್ಲದ ಸೈಕಲ್ಲು, 8 ಸಾವಿರದೊಳಗೆ ಮುಗಿಯಿತು. ಅವಳು ಕೊಳ್ಳುವ ಹೊತ್ತಿಗೆ ಜಿಎಸ್‌ಟಿಯೂ ಇಳಿದಿತ್ತು, 2025ರ ಸೆಪ್ಟೆಂಬರ್ 22ರಿಂದ 12 ಪರ್ಸೆಂಟ್ ಇದ್ದದ್ದು 5 ಆಯಿತಲ್ಲ. ನನಗೆ ಹೊಟ್ಟೆ ಉರಿಯಿತು. ದಿನಾ ತರಕಾರಿ, ಸಂಜೆ ಸಂಗೀತ ಕ್ಲಾಸು, ಮೂರು ನಾಲ್ಕು ಕಿಲೋಮೀಟರ್. ನನ್ನ ಸೈಕಲ್ಲಿಗಿಂತ ಜಾಸ್ತಿ ದಿನ ಹೊರಗೆ ಹೋಗುವುದು ಅವಳದೇ.

ಅಪ್ಪನಿಗೆ ಒಂದು ಎಲೆಕ್ಟ್ರಿಕ್ ಸೈಕಲ್ ಅಂತ ಯೋಚನೆ ಇದೆ. 250 ವ್ಯಾಟ್ ಒಳಗಿನ ಮೋಟಾರು, 25 ಕಿಲೋಮೀಟರ್ ವೇಗದ ಮಿತಿ ಇದ್ದರೆ ಲೈಸೆನ್ಸು, ನೋಂದಣಿ ಬೇಕಿಲ್ಲ. ಆದರೆ ಅಪ್ಪ 'ತುಳಿಯೋದು ಬೇಡ ಅಂದ್ರೆ ಸೈಕಲ್ ಯಾಕೋ' ಅಂತಿದ್ದಾರೆ, ಮಾತು ಅಲ್ಲಿಗೇ ನಿಂತಿದೆ. ಮಂಗಳೂರಿನ ಭಾವ ನನ್ನದನ್ನೇ ತಗೊಳ್ಳಬೇಕು ಅಂತಿದ್ದಾರೆ. ಅಲ್ಲಿನ ಉಪ್ಪು ಗಾಳಿಗೆ ಚೈನು ಬೇಗ ಕೆಂಪಾಗುತ್ತದೆ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡೋ ತಾಳ್ಮೆ ಇದ್ದರೆ ಮಾತ್ರ ತಗೊಳ್ಳಿ ಅಂದಿದ್ದೇನೆ.

ಆ ಮೊದಲ ಸೈಕಲ್ಲನ್ನು 4 ಸಾವಿರಕ್ಕೆ ಕೊಟ್ಟುಬಿಟ್ಟೆ, ಫೋರ್ಕು ಉಲ್ಟಾ ಇದೆ ಅಂತ ಹೇಳಿದನಲ್ಲ, ಅದೇ ಹುಡುಗನಿಗೆ. ಅವನು ಅದರಲ್ಲಿ ವೀಲಿ ಹೊಡೆಯುತ್ತಾನೆ. ನನ್ನದಕ್ಕೆ ಈಗ ಏರು ಹತ್ತುವಾಗ ಚೈನು ಒಮ್ಮೊಮ್ಮೆ ಜಾರುತ್ತಿದೆ, 3,000 ಕಿಲೋಮೀಟರ್ ಆಯಿತಲ್ಲ, ಎಳೆದುಕೊಂಡಿರಬೇಕು. ಸವೆದ ಚೈನಲ್ಲೇ ಓಡಿಸಿದರೆ ಹಿಂದಿನ ಹಲ್ಲುಗಳೂ ಸವೆದು ಖರ್ಚು ನಾಲ್ಕು ಪಟ್ಟಾಗುತ್ತದೆ ಅಂತ ಯಜಮಾನರು ಮೊದಲೇ ಹೆದರಿಸಿದ್ದಾರೆ. ಗುರುವಾರ ಬಿಟ್ಟು ಬರುತ್ತೇನೆ. ಅವರು ಶುಕ್ರವಾರ ಕೊಡ್ತೀನಿ ಅಂದಿದ್ದಾರೆ, ಅಂದರೆ ಭಾನುವಾರ.